ಎಂಟು ತುಂಡಿನ ಲೆಕ್ಕ

ಜೇವರ್ಗಿ ರೋಡಿನ ಹೊಸ ಹೋಟ್ಲದ ಬೋರ್ಡಿನ ಮ್ಯಾಲ
ಕನ್ನಡದಾಗ, ದೊಡ್ಡ ಅಕ್ಷರದಾಗ, ನನ್ನ ಹೆಸರು:
ಸುಶಿ.
ಆಟೋದಾಗಿಂದ ಇಳಿಯೂದು ಬಿಟ್ಟು ಓದಕೋಂತ ಕುಂತೆ.
ರೇಶನ್ ಕಾರ್ಡಿನ್ಯಾಗ ಸುಶೀಲಾಬಾಯಿ ಅಂತ ಅದ,
ಮೀನಿನ ಪ್ಯಾಟ್ಯಾಗ ಎಲ್ಲಾರಿಗೂ ನಾ ಕೊಯ್ಯೂ ಮೌಶಿ,
ಸುಶಿ ಅಂತ ಕರದಾಕಿ ಒಬ್ಬಾಕೇ, ನನ್ನಕ್ಕ,
ಭೀಮಾ ಹೊಳಿ ಆ ದಂಡಿಂದ ಈ ದಂಡಿಗಿ ಕೇಳೂ ಹಂಗ.
ಆಕಿ ಹೋಗಿ ಆರು ವರ್ಷ.
ಆಕಿ ಮಗಳು ಭಾಗ್ಯಶ್ರೀ ನಗಲಿಕತ್ತಿದ್ಲು:
"ನಡಿ ಚಿಗವ್ವ, ನಿನ್ನ ರೇಟು ಎಷ್ಟದ ನೋಡಾಮು."

ಎಂಟು ತುಂಡಿಗಿ ಆರುನೂರಾ ನಲವತ್ತು.
ಮ್ಯಾಲ ಟ್ಯಾಕ್ಸು.
ರಕ್ತ ತಪಾಸೋ ಲ್ಯಾಬಿನ್ಯಾಗ ಆಕಿದು ಮೊದಲನೇ ಪಗಾರ;
ಒಂದು ತುಂಡಿಗಿ ಎಷ್ಟು ಮಂದಿ ಬೆರಳು ಚುಚ್ಚ್ಯಾಳೋ,
ನಾ ಕೇಳಲಿಲ್ಲ.
ನಂದು ಕಿಲೋಕ್ಕ ಇಪ್ಪತ್ತು, ಪೊರಿ ತಗದು, ಹೊಟ್ಟಿ ಸೀಳಿ, ತೊಳದು.
ಒಂದು ತುಂಡು ಅಂದ್ರ ನಾಕು ಕಿಲೋ ಕಟ್ಲಾ.
ಉಣ್ಣೂ ಮುಂದ ಹಿಂಗ ಲೆಕ್ಕಾ ಹಾಕಬಾರದು ಅಂತಾರ,
ಲೆಕ್ಕಾ ಬಿಟ್ರ ನನಗ ಬ್ಯಾರೆ ಏನು ಬರ್ತದ?

ಬಂತು.
ಕರಿ ಹಲಗಿ ಮ್ಯಾಲ ಎಂಟು ಗುಂಡಿ,
ಯಾರದೋ ಕುಪ್ಪಸದ್ದು ಹರದು ಬಿದ್ದಂಗ.
ಸುತ್ತ ಕಾಗದದಂಥ ಸೊಪ್ಪು, ಒಳಗ ತಣ್ಣನ ಅನ್ನ,
ನಡುವ ಉಗುರಿನಷ್ಟು ಕೆಂಪು ಮೀನು. ಹಸೀದು.
ಹಸೀ ಮೀನು ಕಂಡಿಲ್ಲೇನು ನಾ? ಮೂವತ್ತೆರಡು ವರ್ಷ
ಮೊಣಕೈ ತನ ಹಸೀ ಮೀನಿನ್ಯಾಗೇ ಅದೀನಿ,
ಬಾಯಿಗಿ ಒಯ್ಯೂ ಧೈರ್ಯ ಬಂದಿದ್ದಿಲ್ಲ ಅಷ್ಟೇ.
ಎರಡು ಕಡ್ಡಿ ಕೊಟ್ರು. ಬಿಟ್ಟು ಕೈಲೇ ಹಿಡದೆ.

ಅನ್ನ ಹುಳಿ. ನಿನ್ನಿದಲ್ಲ, ಬೇಕಂತ ಹುಳಿ ಮಾಡಿದ್ದು.
ಮೀನು ನಾಲಿಗಿ ಮ್ಯಾಲ ಕುಂತು ಏನೂ ಅನ್ನಲಿಲ್ಲ,
ಮೊದಲ ದಿನದ ಸೊಸಿ ಹಂಗ.
ಬಾಜೂಕ ಹಸರು ಉಂಡಿ ಒಂದು,
ಹಿಂಡಿ ಅಂದ್ಕೊಂಡು ಪೂರಾ ಹಾಕ್ಕೊಂಡೆ.
ಖಾರ ನನಗ ಹೊಸಾದೇನು? ಆದ್ರ ಇದು
ನಾಲಿಗಿ ಬಿಟ್ಟು ಮೂಗಿನ್ಯಾಗ ಏರಿ
ನೆತ್ತಿ ಬಾಗಲಾ ಬಡೀತು.
ಭಾಗ್ಯಶ್ರೀ ಫೋಟೋ ಹೊಡದ್ಲು.

ಗಾಜಿನ ಆ ಕಡಿ ಒಬ್ಬ ಹುಡುಗ ಕೊಯ್ಲಿಕತ್ತಿದ್ದ.
ಅಲ್ಲಿ ನಿಂತಿತು ನನ್ನ ಕಣ್ಣು.
ಚೂರಿ ಒತ್ತಲಿಲ್ಲ, ಎಳದ. ಒಂದೇ ಸಲ.
ಮೀನಿಗಿ ಗೊತ್ತಾಗದಂಗ.
ನಾನೂ ಹಂಗೇ ಕೊಯ್ತಿದ್ದೆ ಮೊದಮೊದಲ;
"ಲಗೂ ಲಗೂ" ಅಂದು ಅಂದು ಗಿರಾಕಿಗೋಳು ಕೈ ಕೆಡಿಸಿದ್ರು.
ಎದ್ದು ಹೋದೆ. ಚಿತ್ತಾಪುರದಾವ, ಮೌಲಾಲಿ,
ಹೈದರಾಬಾದಿನ್ಯಾಗ ಕಲತಾನ, ಒಂದು ವರ್ಷ
ಬರೇ ಅಕ್ಕಿ ತೊಳಿಲಿಕ್ಕ ಹಚ್ಚಿದ್ರಂತ.
"ಮೀನು ಎಷ್ಟು ದಿನದ್ದು?" ಅಂದೆ ಸಣ್ಣ ದನಿಲೆ.
ಅವನೂ ಸಣ್ಣ ದನಿಲೆ: "ಬರ್ಫದಾಗ ಇತ್ತು ಮೌಶಿ, ತಿಂಗಳು."
"ನೀ ತಿಂತಿ?"
ನಕ್ಕ. "ಮನಿಗಿ ಹೋಗಿ ತಹರಿ ತಿಂತೀನಿ."
ಎಡಗೈ ಹೆಬ್ಬೆರಳಿನ ಮ್ಯಾಲ
ನನಗ ಇದ್ದಲ್ಲೇ ಅವಗೂ ಗಾಯದ ಗುರುತು.

ತುಟ್ಟಿ ಆತೇನು? ಆತು, ಖರೇ.
ಮನಿಗಿ ಬಂದು ಜ್ವಾಳದ ರೊಟ್ಟಿ ಮುರದೆ,
ಹುಣಸಿಹಣ್ಣು ಹಿಂಡಿದ ನಿನ್ನಿನ ಮೀನಸಾರು;
ಇದರ ಮುಂದ ಅದೇನೂ ಅಲ್ಲ ಅಂತ ಹೇಳಬೇಕಂತೀನಿ,
ಆ ಎಳತ ಕಣ್ಣಾಗ ಕುಂತದ.
ಮಂದಿ ರುಚಿಗಿ ರೊಕ್ಕಾ ಕೊಡ್ತಾರೋ, ಹೆಸರಿಗೋ, ಫೋಟೋಕ್ಕೋ,
ಮಾಲಕ ಬಲ್ಲ.
ಕೊಯ್ಯೂ ಕೈಗಿ ಅದರಾಗ ಎಷ್ಟು ಅಂತ
ಕೇಳೂದೇ ಮರತೆ.

ಮರುದಿನ ಮುಂಜಾನಿ ಈಳಗಿ ಮಸದು
ಮೊದಲ ಗಿರಾಕಿಗಿ "ಇಪ್ಪತ್ತೈದು" ಅಂದೆ.
"ಯಾಕ ಮೌಶಿ, ಒಮ್ಮೆಲೇ?"
"ಲಗೂ ಬೇಕಂದ್ರ ಇಪ್ಪತ್ತು. ನಿಂತ್ರ ಇಪ್ಪತ್ತೈದು."
ಆತ ಗಡಿಯಾರ ನೋಡಿದ, ಮೀನು ನೋಡಿದ,
ಇಪ್ಪತ್ತೇ ಕೊಟ್ಟ.
ನಾ ನಿಧಾನಕ್ಕೇ ಕೊಯ್ದೆ.