ಕುಂಬಳೆ ಬಂತಾ?

ಆರು ತಿಂಗಳಿಂದ ಹೇಳುತ್ತಿದ್ದವಳು ಫ್ಲೇವಿಯೇ.
ರಾತ್ರಿ ಪಾಳಿ ಮುಗಿಸಿ, ಕ್ಯಾಂಟೀನಿನ ಆರಿದ ಚಹಾದ ಮುಂದೆ:
'ಒಮ್ಮೆ ಕಡಲಿಗೆ ಹೋಗುವ ಮಾರಾಯ್ರೆ,
ಮಂಗಳೂರಿನದ್ದು ಬೇಡ,
ಡಿಸ್ಚಾರ್ಜ್ ಆದವರು ಯಾರೂ ಸಿಗದ ಕಡಲಿಗೆ.'
ಹಾಗೆ ಹೇಳಿದವಳು ಪಂಪ್‌ವೆಲ್ ಕಳೆಯುವ ಮೊದಲೇ
ನಿದ್ದೆ ಹೋದಳು. ಬಾಯಿ ತುಸು ತೆರೆದು,
ಮಡಿಲಲ್ಲಿ ಸುಲಿಯದ ಎರಡು ಕಿತ್ತಳೆ.
'ಕುಂಬಳೆ ಬಂದರೆ ಎಬ್ಬಿಸಿ.'

ಕಾರು ಅಂಬಾಡಿಯ ಭಾವನದ್ದು.
ಹದಿನೇಳು ವರ್ಷ ಆಂಬುಲೆನ್ಸ್ ತಿರುಗಿಸಿದ ಕೈಗೆ
ಸೈರನ್ ಇಲ್ಲದ ಸ್ಟೇರಿಂಗು ಮುಜುಗರ.
'ಯಾರೂ ದಾರಿ ಬಿಡುವುದಿಲ್ಲ ನೋಡಿ.'
'ಬಿಡುವುದು ಬೇಡ' ಎಂದಳು ತಾಹಿರಾ,
ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ದಿನವೂ
ಇಷ್ಟು ಮೆತ್ತಗೆ ಮಾತಾಡದವಳು.

ತಲಪಾಡಿಯಲ್ಲಿ ಅವನು ಸುಮ್ಮನಾದ.
ಆ ವರ್ಷ ಇಲ್ಲಿ ರಸ್ತೆಗೆ ಮಣ್ಣು ಸುರಿದಿದ್ದರು.
ಮಣ್ಣಿನ ಆಚೆ ಇವನ ಗಾಡಿ, ಗಾಡಿಯೊಳಗೆ ಒಬ್ಬ ಅಜ್ಜಿ.
ಅಷ್ಟೇ ಹೇಳುತ್ತಾನೆ ಪ್ರತಿ ಸಲ.
ನಾವೂ ಅಷ್ಟೇ ಕೇಳುತ್ತೇವೆ.

ಬೊಂಡ ಕುಡಿಯಲು ಹೊಸಂಗಡಿಯಲ್ಲಿ ನಿಲ್ಲಿಸಿದ್ದೇ ತಡ
ಫ್ಲೇವಿ ಕಣ್ಣು ಮುಚ್ಚಿಯೇ ಕೇಳಿದಳು:
'ಯಾವ ಬೆಡ್?'
ಕೀಲಿ ಮತ್ತೆ ತಿರುಗಿತು, ಎಂಜಿನ್ ಗುರುಗುಟ್ಟಿತು,
ಅವಳ ಹುಬ್ಬು ಸಡಿಲಾಯಿತು.
ಆಮೇಲೆ ನಾವು ಎಲ್ಲಿಯೂ ಎಂಜಿನ್ ಆರಿಸಲಿಲ್ಲ.
ಉಪ್ಪಳದ ಗೋಳಿಬಜೆ ಕಿಟಕಿಯಿಂದಲೇ ಬಂತು, ಚಿಲ್ಲರೆಯೂ.

ಅಗಲದ ಹೊಸ ರಸ್ತೆ ಊರುಗಳನ್ನೆಲ್ಲ
ಗೋಡೆಯ ಹಿಂದೆ ನಿಲ್ಲಿಸಿಬಿಟ್ಟಿದೆ.
ಅರೆಬರೆ ಸೇತುವೆಯಿಂದ ಚಾಚಿದ ಕಂಬಿಗಳು;
ಎಕ್ಸ್‌ರೇ ಕೋಣೆಯವಳು ನಾನು, ನನಗೆ ಎಲ್ಲವೂ ಪಕ್ಕೆಲುಬೇ.
ಮಲಯಾಳ ಅಕ್ಷರದ ಕೆಳಗೆ ಕನ್ನಡದಲ್ಲಿ
ಕುಂಬಳೆ ಎಂಬ ಬೋರ್ಡು ಬಂದಾಗ
ಮೂವರೂ ಕನ್ನಡಿಯೊಳಗೆ ಒಬ್ಬರನ್ನೊಬ್ಬರು ನೋಡಿದೆವು.
ಯಾರೂ ಎಬ್ಬಿಸಲಿಲ್ಲ.

ಚಂದ್ರಗಿರಿ ಹೊಳೆಯ ಮೇಲೆ ಬಿಸಿಲು ಅಡ್ಡ ಬಿದ್ದಿತ್ತು.
ಚೆಮ್ನಾಡು, ಕಳನಾಡು, ರೈಲ್ವೇ ಗೇಟು, ಒಣಹಾಕಿದ ಮೀನು,
ಕಾಪಿಲ್.
ಒಂದು ಮಗ್ಗುಲಲ್ಲಿ ಹಿನ್ನೀರು, ಇನ್ನೊಂದರಲ್ಲಿ ಸಮುದ್ರ,
ನಡುವೆ ಒಂದು ಚಾಪೆಯಷ್ಟು ಮರಳು.
ಗಾಳಿಮರದ ಕೆಳಗೆ ಕಾರು, ಎಂಜಿನ್ ಓಡುತ್ತಲೇ.

'ಪೆಟ್ರೋಲ್ ಉರಿಯುತ್ತದೆ.'
'ಉರಿಯಲಿ.'

ಬಲೆ ಹೊಲಿಯುತ್ತಿದ್ದವನು ಎದ್ದು ಬಂದ,
ಗಾಡಿ ಕೆಟ್ಟಿತೋ ಎಂದು ವಿಚಾರಿಸಲು.
ತಾಹಿರಾ ಕೆನ್ನೆಗೆ ಅಂಗೈ ಇಟ್ಟು 'ಒರಕ್ಕಂ' ಎಂದಳು.
ಅವನು ಬಗ್ಗಿ ನೋಡಿದ,
ಮರಳಿ ಹೋಗಿ ತನ್ನ ರೇಡಿಯೋ ಸಣ್ಣ ಮಾಡಿದ.

ಸರದಿಯಂತೆ ನೀರಿಗೆ ಹೋದೆವು, ಇಬ್ಬರು ಅಲ್ಲಿ, ಒಬ್ಬರು ಕಾವಲಿಗೆ.
ಸೂರ್ಯ ಹೇಗೆ ಮುಳುಗಿದ ಎಂದು ಕೇಳಿದರೆ ನನಗೆ ಗೊತ್ತಿಲ್ಲ;
ಆಗ ನನ್ನ ಸರದಿ ಕಾರಿನಲ್ಲಿ,
ನಾನು ಅವಳ ಕಿತ್ತಳೆಗಳು ಉರುಳದಂತೆ ಹಿಡಿದಿದ್ದೆ.

ಕತ್ತಲಾದ ಮೇಲೆ ಅಂಬಾಡಿ ಬಂದು ಕೀಲಿ ಮುಟ್ಟಿದ,
ಆಸ್ಪತ್ರೆಯ ಗೇಟಿನಲ್ಲಿ ಸೈರನ್ ನಿಲ್ಲಿಸುವ ಅದೇ ಬೆರಳು.
ತಿರುಗಿಸಿದ. ಉಸಿರು ಹಿಡಿದೆವು.
ಯಾವ ಬೆಡ್ಡೂ ಬರಲಿಲ್ಲ.
ಎಂಜಿನ್ ಬಿಟ್ಟಲ್ಲಿಂದ ಕಡಲು ಹಿಡಿದುಕೊಂಡಿತ್ತು,
ಅದೇ ಒರಟು ಸದ್ದು, ಪೆಟ್ರೋಲ್ ಬೇಡದ್ದು.

ಎಂಟೂವರೆಗೆ ಹೊರಟೆವು.
ಕಾಸರಗೋಡಿನ ದೀಪಗಳು ಅವಳ ಮುಖದ ಮೇಲೆ ಹಾದುಹೋದವು.
ಮೊಗ್ರಾಲಿನ ಹತ್ತಿರ ಎದ್ದು ಕೂತು, ತಲೆ ಕೊಡವಿ,
'ಕುಂಬಳೆ ಬಂತಾ?'

'ಈಗ ಬರ್ತದೆ' ಎಂದ ಅಂಬಾಡಿ. ಸುಳ್ಳಲ್ಲ.

ಕಿಟಕಿಯ ಹೊರಗೆ ನೋಡಿದಳು. ಕತ್ತಲು ನೋಡಿದಳು.
ತಾಹಿರಾಳ ಬುರ್ಖಾ ಮಂಡಿಯವರೆಗೆ ಒದ್ದೆ,
ನನ್ನ ಕಾಲಿಗೆ ಮರಳು.
ಏನೂ ಹೇಳದೆ ಕಿತ್ತಳೆ ಸುಲಿದು
ತೊಳೆ ತೊಳೆಯಾಗಿ ಹಂಚಿದಳು, ಮಾತ್ರೆ ಹಂಚುವಂತೆ,
ಮೊದಲು ಅಂಬಾಡಿಗೆ.

ಅವನು ಬೀಜ ಉಗುಳಿ, ಗಂಟೆ ನೋಡದೆ ಹೇಳಿದ:
'ಈ ರಸ್ತೆಯಲ್ಲಿ ಇನ್ನು ತಿರುಗಿಸಲಿಕ್ಕೆ ಜಾಗ
ಕುಂಬಳೆಯಲ್ಲೇ ಇರುವುದು.'
ಇಂಡಿಕೇಟರ್ ಹಾಕಿದ,
ಎರಡು ಮೈಲು ಮೊದಲೇ.