ಹೆಬ್ಬೆಟ್ಟು

ನಾರಿನ್ ಪೇಟೆಯ ಪಿಂಚಣಿ ಕಚೇರಿಯಲ್ಲಿ
ಗಾಜಿನ ಮೇಲೆ ಬೆರಳಿಡಿ ಅಂದ ಹುಡುಗ.
ಇಟ್ಟೆ.
ಕೆಂಪು ದೀಪ.
ಒರೆಸಿ ಇಡಿ ಅಂದ. ಕೋಟಿಗೆ ಒರೆಸಿ ಇಟ್ಟೆ.
ಮತ್ತೆ ಕೆಂಪು.
ಬುರುಲ್ಚಾ ಏಜೆ, ನಿಮ್ಮ ಹೆಬ್ಬೆರಳಿಗೆ ಗೆರೆಯೇ ಇಲ್ಲವಲ್ಲ,
ಎಲ್ಲಿ ಹೋಯಿತು?

ಎಲ್ಲಿ ಹೋಯಿತು ಅಂದರೆ ಏನು ಹೇಳಲಿ, ಮಗೂ.
ಮೂವತ್ತೊಂದು ವರ್ಷ ಕಾಕಿಮ್ ಬೇರು ಒತ್ತಿದ್ದೇನೆ.
ಕಾಕಿಮ್ ಗೊತ್ತಲ್ಲ, ಚರಂಡಿ ಬದಿಯ ಹಳದಿ ಹೂ,
ಊದಿದರೆ ಹಾರಿಹೋಗುವ ನರೆಗೂದಲ ಮುದುಕಿ,
ಸೂರ್ಯಕಾಂತಿಗೂ ಸೇವಂತಿಗೆಗೂ ಬಡ ದಾಯಾದಿ.
ಒಂದು ಹೂ ಅನ್ನುತ್ತೀರಿ ನೀವೆಲ್ಲ.
ಬಿಡಿಸಿ ನೋಡಿದರೆ ಅದೊಂದು ಸಂತೆ,
ನೂರೈವತ್ತು ಹೂ ಒಂದೇ ತಟ್ಟೆಯಲ್ಲಿ
ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ.

ಬೇರಿನ ತುದಿ, ಅಕ್ಕಿ ನುಚ್ಚಿನಷ್ಟು.
ಮೂರು ಪಾಲು ಮದ್ಯಸಾರ, ಒಂದು ಪಾಲು ಆಮ್ಲ,
ರಾತ್ರಿಯಿಡೀ ನೆನೆಯಬೇಕು.
ಬೆಳಿಗ್ಗೆ ನೇರಳೆ ಬಣ್ಣದ ಒಂದು ಹನಿ,
ಮೇಲೆ ಉಗುರಿನಷ್ಟು ಗಾಜು, ಮಡಿಸಿದ ಹೀರುಕಾಗದ,
ಆಮೇಲೆ ಹೆಬ್ಬೆರಳು.
ನೆಟ್ಟಗೆ ಒತ್ತಬೇಕು, ಒಮ್ಮೆ.
ಜಾರಿದರೆ ಜಾತಕವೇ ಕಲಸಿಹೋಗುತ್ತದೆ.

ಎಮ್ಮಾ ಫ್ರಾಂಟ್ಸೆವ್ನಾ ಕಲಿಸಿದ್ದು ಇದನ್ನ.
ವೋಲ್ಗಾ ದಡದಿಂದ ರೈಲಿನಲ್ಲಿ ತಂದು
ನಮ್ಮ ಬೆಟ್ಟದ ಬುಡಕ್ಕೆ ಸುರಿದ ಜರ್ಮನರಲ್ಲಿ ಒಬ್ಬಳು.
ಬೆರಳಿಗೆ ಯೋಚಿಸಲು ಬಿಡಬೇಡ, ಅನ್ನುತ್ತಿದ್ದಳು.
ಕಂಡದ್ದು ಬರಿ. ಕಾಣಬೇಕಾದ್ದು ಬರೆಯಬೇಡ.

ಎಂಟೊಂದ್ಲ ಎಂಟು,
ಎಂಟೆರಡ್ಲ ಹದಿನಾರು,
ಎಂಟ್ಮೂರ್ಲ ಇಪ್ಪತ್ನಾಲ್ಕು:
ಕಾಕಿಮ್ ಕುಲದ ಮಗ್ಗಿ ಅಷ್ಟೇ.
ಹದಿನಾರು ವರ್ಣತಂತುವಿನ ಗಿಡಕ್ಕೆ
ಪರಾಗ ಒಂದೇ ಸಮ, ಪೋಣಿಸಿದ ಹಾಗೆ,
ಪ್ರತಿ ಕಾಳಿಗೂ ಮುಳ್ಳಿನ ಏಣು, ಏಣಿನ ನಡುವೆ ಕಿಟಕಿ.
ಇಪ್ಪತ್ತನಾಲ್ಕರದ್ದು ಹಾಗಲ್ಲ.
ಒಂದು ದಪ್ಪ, ಒಂದು ಸಣ್ಣ, ಒಂದು ಸೊಟ್ಟ,
ಕಾರ್ಮೈನ್ ಹಾಕಿದರೆ ಕೆಲವು ಕೆಂಪೇರುತ್ತವೆ,
ಉಳಿದದ್ದು ಬಿಳಿಚಿದ ಜೊಳ್ಳು.
ಆದರೂ ಬೀಜಕ್ಕೆ ಬರವಿಲ್ಲ.
ತಾಯಿಯೊಬ್ಬಳೇ ಕಟ್ಟುತ್ತಾಳೆ, ಗಂಡು ಧೂಳು ಕೇಳದೆ.

ಹಾಗಿದ್ದ ಮೇಲೆ ಪರಾಗ ಯಾಕೆ ಮಾಡುತ್ತದೆ?
ಕೇಳಿದ್ದೆ, ಇಪ್ಪತ್ತೆರಡರ ಹುಡುಗಿ.
ಅಭ್ಯಾಸ, ಅಂದಳು ಎಮ್ಮಾ, ಕಣ್ಣು ಮಸೂರದಿಂದ ಎತ್ತದೆ.
ಸಂಜೆ ಚಹಾಕ್ಕೆ ಅವಳು
ಎರಡು ಪಿಯಾಲ ತೊಳೆದಿಡುತ್ತಿದ್ದಳು, ಪ್ರತಿ ದಿನ.
ಒಂದರಲ್ಲಿ ಕುಡಿಯುತ್ತಿದ್ದಳು.

ನನ್ನ ಅಜ್ಜಿ ಹೆಬ್ಬೆಟ್ಟು.
ಸಾಮೂಹಿಕ ಜಮೀನಿನ ಖಾತೆಯಲ್ಲಿ
ಕುರಿ ಲೆಕ್ಕದ ಕೆಳಗೆ ನೀಲಿ ಶಾಯಿಯ ಸುಳಿ,
ಅದೇ ಅವಳ ಹೆಸರು, ಅದೇ ಅವಳ ಸಹಿ.
ಓದು ಮಗಳೇ, ನನ್ನ ಹಾಗೆ ಬೆರಳು ಮಸಿ ಮಾಡಬೇಡ
ಅಂದಿದ್ದಳು.
ಓದಿದೆ.
ಈಗ ಹೆಬ್ಬೆಟ್ಟಿಗೂ ಗತಿಯಿಲ್ಲ.

ಗ್ಲಿಸರಿನ್ ಹಚ್ಚಿ ನಾಳೆ ಬನ್ನಿ, ಅಂದ ಹುಡುಗ.
ನಗು ಬಂತು.
ಪರಾಗವನ್ನ ಕೂರಿಸುವುದೂ ಅದರಲ್ಲೇ,
ನಲವತ್ತು ವರ್ಷ ಅಲುಗುವುದಿಲ್ಲ.
ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ಹುಡುಗನಿಗೂ ಬೇಸರ ಬಂದಿರಬೇಕು,
ಒಂದೊಂದೇ ಬೆರಳು ಹಿಡಿದು ಗಾಜಿಗೆ ಇಡಿಸಿದ.
ತೋರು, ಕೆಂಪು. ನಡು, ಕೆಂಪು.
ಕಡೆಗೆ ಎಡಗೈ ಕಿರುಬೆರಳು:
ಹಸಿರು!

ಹೀಗೆ ಸರಕಾರದ ಪಾಲಿಗೆ ಇನ್ನು ಮುಂದೆ ನಾನೆಂದರೆ
ಇಡೀ ಜನ್ಮದಲ್ಲಿ ಏನೂ ಕೆಲಸ ಮಾಡದ ಆ ಬೆರಳು.

ಮೆಟ್ಟಿಲ ಸಂದಿಯಲ್ಲಿ ಒಂದು ಕಾಕಿಮ್ ಅರಳಿತ್ತು.
ಬಗ್ಗಿದೆ, ಮಂಡಿ ಲಟಕ್ಕೆಂದಿತು.
ತಟ್ಟೆಗೆ ಹೆಬ್ಬೆರಳು ಒತ್ತಿ ನೋಡಿದೆ,
ಸುಳಿಯಿಲ್ಲ, ಗೆರೆಯಿಲ್ಲ,
ನುಣ್ಣನೆ ಚರ್ಮದ ಮೇಲೆ ಹಳದಿ ಕೂತಿತ್ತು
ಎಲ್ಲೆಂದರಲ್ಲಿ.

ನಿನ್ನೆಯ ಗಾಜೊಂದು ಮೇಜಿನ ಮೇಲೆ ಹಾಗೇ ಇದೆ.
ಇಪ್ಪತ್ತನಾಲ್ಕು ಎಣಿಸಿದೆ, ಸರಿ,
ಪಕ್ಕದಲ್ಲೊಂದು ಚೂರು,
ತಂತುವೋ, ಬಣ್ಣದ ಕಸವೋ.
ಪುಸ್ತಕದಲ್ಲಿ ಜಾಗ ಬಿಟ್ಟಿದ್ದೇನೆ.
ನಿವೃತ್ತಿ ಅಂತ ಕಾಗದ ಬಂದಿದೆ, ನಿಜ,
ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ.
ಬೆಳಿಗ್ಗೆ ಇನ್ನೊಂದು ಬೇರು ಒತ್ತಬೇಕು.