ಕಲ್ಲು ಲೆಕ್ಕದಲ್ಲಿಲ್ಲ

ಕಲ್ಲಿಗೆ ಕೈ ಹಾಕಬೇಡ ಗೋಚಾ, ಈಗಲೇ ಬೇಡ.
ಚಿಯಾತುರಾದಲ್ಲಿ ಸಮನೆಲ ಅಂತ ಇರೋದು ಹೊಳೆ ಒಂದೇ,
ಅದೂ ಕೆಳಕ್ಕೇ ಓಡುತ್ತೆ.
ನನ್ನ ಅಂಗಳ ಇದ್ದುದರಲ್ಲಿ ವಾಸಿ:
ಅಕ್ರೋಟು ಇಟ್ಟರೆ ಉರುಳುತ್ತೆ, ಕುಂಬಳಕಾಯಿ ಉರುಳೋದಿಲ್ಲ.
ಮುಂದಿನ ಚಕ್ರಗಳಿಗೆ ಆ ದಿಮ್ಮಿ ಒತ್ತು, ಎರಡೂ ಕಡೆ.
ಗೇರು ನ್ಯೂಟ್ರಲ್. ಈಗ ಎಳಿ ಕಲ್ಲನ್ನ.
ಹಿಂಭಾಗ ಎತ್ತು. ಜಾಕನ್ನು ನಂಬಿ ಅಡಿಗೆ ಹೋಗಬೇಡ,
ಸ್ಟ್ಯಾಂಡ್ ಕೊಟ್ಟು, ಮೈಭಾರ ಹಾಕಿ ಅಲ್ಲಾಡಿಸಿ ನೋಡಿ ಹೋಗು.
ಈ ಮಂಡಿ ಇಟ್ಟುಕೊಂಡು ಕಾರಿನಡಿ ತೂರೋ ಕಾಲ ನನ್ನದು ಮುಗೀತು;
ಬಾಯಿಗೆ ಇನ್ನೂ ವಯಸ್ಸಾಗಿಲ್ಲ.

ಮೊದಲು ಲಿವರ್ ಎಳೆದು ಹಲ್ಲು ಎಣಿಸಿದ್ದೆಯಲ್ಲ, ಎಷ್ಟು?
ಹನ್ನೊಂದು! ಅದು ಬ್ರೇಕಲ್ಲ ಮಗೂ, ಗಿಲಕಿ.
ನಾಲ್ಕೈದಕ್ಕೆ ಹಿಡೀಬೇಕು.
ಕೇಬಲ್ ಜೋತುಬಿದ್ದಿದೆ, ಹಳೇ ಸ್ವೆಟರಿನ ತೋಳಿನ ಹಾಗೆ.

ವಾಜಾ ಹನ್ನೆರಡು ವರ್ಷ ನಾಳೆ ಅಂದ.
ನಾಳೆ ನಾಳೆ ಅಂತ ಗಣಿಯಿಂದ ಈ ಕಪ್ಪು ಕಲ್ಲು ತಂದ,
ಹಿಂದಿನ ಸೀಟಿನಡಿ ಅದಕ್ಕೊಂದು ಮನೆ ಮಾಡಿದ.
ಎಲ್ಲಿ ನಿಲ್ಲಿಸಿದರೂ ಅವನಿಗಿಂತ ಮೊದಲು ನಾನು ಇಳೀಬೇಕು,
ಮಡಿಲಲ್ಲಿ ಕಲ್ಲು.
ಮದುವೆಮನೆಗೆ ಹೋದರೂ ನನ್ನ ಹತ್ತು ಬೆರಳೂ ಮ್ಯಾಂಗನೀಸು.
ನಾನು, ಗೊತ್ತಲ್ಲ, ಇಪ್ಪತ್ತಾರು ವರ್ಷ
ಹಗ್ಗದ ದಾರಿಯ ಮೇಲಿನ ಸ್ಟೇಷನ್ನಿನಲ್ಲಿ
ಬ್ರೇಕಿನ ಹಿಡಿಕೆ ಹಿಡಿದು ಕೂತವಳು.

ಕಂಡವಾ? ಎರಡು ನಟ್ಟು, ಒಂದರ ಬೆನ್ನಿಗೊಂದು.
ಹದಿಮೂರರ ಸ್ಪ್ಯಾನರ್ ಎರಡೂ ಬೇಕು,
ಒಳಗಿನದನ್ನು ಒಂದರಿಂದ ಹಿಡಿ, ಹೊರಗಿನದನ್ನು ಇನ್ನೊಂದರಿಂದ ಸಡಿಲಿಸು.
ಬರೋಲ್ಲವಾ? ಬೈಬೇಡ.
ಸೀಮೆಎಣ್ಣೆ ಬಿಟ್ಟು ಹೊರಗೆ ಬಾ, ಟೀ ಕುಡಿ.
ತುಕ್ಕಿನ ಹತ್ತಿರ ಅವಸರ ಮಾಡಿದೋರು ನಟ್ಟಿನ ಮೂಲೆ ಕಳಕೋತಾರೆ.

ಕರೆಂಟು ಕೈಕೊಡುತ್ತಿದ್ದ ವರ್ಷಗಳು ಅವು.
ಒಂದು ಸಂಜೆ ನನ್ನ ಡಬ್ಬಿ ನಡುಹೊಳೆಯ ಮೇಲೆ ನಿಂತಿತು.
ಒಳಗೆ ಒಂಬತ್ತು ಜನ, ಒಂದು ಟರ್ಕಿ ಕೋಳಿ.
ನಾಲ್ಕು ತಾಸು.
ಎಲ್ಲರೂ ಹಗ್ಗವನ್ನೇ ನೋಡುತ್ತಿದ್ದರು.
ಹಗ್ಗವನ್ನು ಹಿಡಿದದ್ದು ಯಾವುದು ಅಂತ
ಇಳಿದ ಮೇಲೂ ಯಾರೂ ಕೇಳಲಿಲ್ಲ.
ಕೋಳಿಯ ಯಜಮಾನ ಟಿಕೆಟ್ ದುಡ್ಡು ವಾಪಸ್ ಕೇಳಿದ.

ಓಡೋದನ್ನ ನಿಲ್ಲಿಸೋ ಬ್ರೇಕು ಬೇರೆ,
ಅದಕ್ಕೆ ಕಾಲಿನ ಜೋರಿದೆ, ಕಿರುಚಾಟ ಇದೆ.
ಇದು ನಿಂತದ್ದನ್ನ ನಿಂತ ಹಾಗೇ ಕಾಯೋದು.
ನೀನು ನಿದ್ದೆ ಮಾಡೋವಾಗ ಇದರ ಪಾಳಿ.

ಹೋಗು, ಈಗ ಬಿಡುತ್ತೆ.
ಬಿಟ್ಟಿತಾ? ಹೇಳಲಿಲ್ಲವಾ.
ಲಿವರ್ ಪೂರ್ತಿ ಕೆಳಗಿಟ್ಟು ಒಳನಟ್ಟು ಬಿಗಿ,
ಅರ್ಧ ಸುತ್ತು, ಚಕ್ರ ತಿರುಗಿಸು, ಮತ್ತೆ ಅರ್ಧ.
ಉಜ್ಜೋ ಸದ್ದು ಬಂತಾ? ಕಾಲು ಸುತ್ತು ಹಿಂದಕ್ಕೆ.
ಬಿಡೋದು ಗೊತ್ತಿಲ್ಲದ ಬ್ರೇಕು ಡ್ರಮ್ಮನ್ನೇ ಸುಡುತ್ತೆ.
ನಮ್ಮ ಅತ್ತೆ ಹಾಗಿದ್ದರು. ಇರಲಿ.

ಎಳಿ. ಜೋರಾಗಿ ಎಣಿಸು.
ಟಿಕ್, ಟಿಕ್, ಟಿಕ್,
ಟಿಕ್.
ಎರಡೂ ಕಚ್ಚಿದವಾ? ಬಲಗಡೆಯದೂ?
ಹೊರನಟ್ಟನ್ನು ಒತ್ತಿ ಬಿಗಿದುಬಿಡು.

ಇನ್ನು ಗೇಟಿನಾಚೆ ಇಳಿಜಾರಿಗೆ.
ಲಿವರ್ ಎಳೆದು ಪೆಡಲಿನಿಂದ ಕಾಲು ಮೆಲ್ಲಗೆ ತೆಗಿ.
ಕಲ್ಲನ್ನು ಚಕ್ರಕ್ಕೆ ತಾಗಿಸಿಲ್ಲ ನಾನು,
ಒಂದು ಬೆರಳು ಬಿಟ್ಟು ಇಟ್ಟಿದ್ದೀನಿ.

ಕೂದಲೆಳೆಯಷ್ಟು ಜರುಗಿತು. ನಿಂತಿತು.
ಬೆರಳಿನ ಸಂದು ಹಾಗೇ ಇದೆ, ಬಾ, ನೋಡು.

ತಗೋ ಕೀಲಿ. ದುಡ್ಡು ಎಣಿಸೋಲ್ಲ, ನಿಮ್ಮಮ್ಮನನ್ನು ಬಲ್ಲೆ.
ಏಯ್, ಅದನ್ನ ಡಿಕ್ಕಿಗೆ ಹಾಕಬೇಡ!
ಮಾರಿದ್ದು ಕಾರು. ಕಲ್ಲು ಲೆಕ್ಕದಲ್ಲಿಲ್ಲ.
ನನ್ನ ಗೇಟು ಗಾಳಿಗೆ ತಾನೇ ಮುಚ್ಚಿಕೊಳ್ಳುತ್ತೆ,
ಅದಕ್ಕೊಂದು ಬೇಕು.
ಕೊಡು ಇಲ್ಲಿ.
ಕೈ ಕಪ್ಪಾದರೆ ಆಗಲಿ.